ಚಂದ್ರವ್ವನ ಚೊಚ್ಚಲ ಹೆರಿಗೆ

ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕು. ನಮ್ಮ ಮನೆತನದಲ್ಲಿ ಈ ನಿಯಮವನ್ನು ಯಾರೂ ಮುರಿದಿರಲಿಲ್ಲ. ನಮ್ಮ ಬೆಕ್ಕು ಚಂದ್ರವ್ವ ಹುಟ್ಟಿದ್ದು ಖಾನಾಪುರದಲ್ಲಿ, ನನ್ನ ಅತ್ತೆಯ ಅಡುಗೆಮನೆಯಲ್ಲಿ. ಆದ್ದರಿಂದ ಬೆಳಗಾವಿಯಲ್ಲಿ ಅವಳಿಗೆ ದಿನ ತುಂಬಿದಾಗ, ತವರಿಗೆ ಕಳಿಸತಕ್ಕದ್ದು ಎಂದು ಮನೆಯ ಯಜಮಾನನಾಗಿ ತೀರ್ಪು ಕೊಟ್ಟೆ. ನನ್ನ ಹಾಸಿಗೆ ಹೊಲಸಾಗುವುದು ತಪ್ಪುತ್ತದೆ ಎಂಬುದನ್ನು ತೀರ್ಪಿನಲ್ಲಿ ಸೇರಿಸಲಿಲ್ಲ.

"ತುಂಬಿದ ಬಸರೀನ ಗಾಡ್ಯಾಗ ಅಲಗಾಡಸಬಾರ್ದ್ರಿ" ಎಂದಳು ಹೆಂಡತಿ ಗೌರವ್ವ.

"ನನಗ ತಿಳೀತೈತಿ" ಎಂದೆ. ನಾನು ಮೂರು ಮಕ್ಕಳ ತಂದೆ. ಮೂರೂ ಹುಟ್ಟುವಾಗ ಕಚೇರಿಯಲ್ಲಿದ್ದೆ ಎಂಬುದು ಬೇರೆ ಮಾತು.

ರೈಲು ಹೊರಟಿತು. ಬುಟ್ಟಿಯೊಳಗೆ ಚಂದ್ರವ್ವ ತಿಣುಕತೊಡಗಿದಳು. ವಿಷಯ ತಿಳಿದ ಮರಾಠಿ ಅಜ್ಜನೊಬ್ಬ ಬಸುರಿಗೆ ಗಾಳಿ ಬರಲೆಂದು ಕಿಟಕಿಯ ಜಾಗ ಬಿಟ್ಟುಕೊಟ್ಟ. ರೈಲು ದೇಸೂರು ನಿಲ್ದಾಣ ದಾಟಿತು.

"ಹಸರ ನೀರು ಹೋತ್ರಿ. ಮರಿ ಬರವಲ್ದು" ಎಂದಳು ಗೌರವ್ವ.

"ಮಂದಿ ಮುಂದ ನಾಚ್ತಾಳ. ಮುಚ್ಚಳ ಹಾಕು."

ಖಾನಾಪುರದಲ್ಲಿ ಅತ್ತೆ ಮುಚ್ಚಳ ತೆಗೆದು ನೋಡಿದರು. ಅವರ ಮುಖ ಇಳಿಯಿತು.

"ನೀರು ಹೋಗಿ ಎಷ್ಟೊತ್ತಾತು?"

"ದೇಸೂರ ದಾಟಿದಾಗ ಹೋತವ್ವಾ" ಎಂದಳು ಗೌರವ್ವ.

"ಮರಿ ಸಿಕ್ಕೊಂಡೈತಿ. ಹಿಂಗ ಬಿಟ್ರ ತಾಯೀನೂ ಉಳಿಯಂಗಿಲ್ಲ. ಲಗೂನ ಡಾಕ್ಟರ ಕಡೆ ಒಯ್ರಿ."

"ಡಾಕ್ಟರು ಎಲ್ಲಿರ್ತಾರ್ರಿ?" ಎಂದು ನಾನು ಮೆಲ್ಲಗೆ ಕೇಳಿದೆ.

"ಬೆಳಗಾವ್ಯಾಗ."

ಮರಳುವ ಗಾಡಿ ತಡವಾಗಿ ಬಂತು. ಹೋಗುವಾಗ ಕೂಗುತ್ತಿದ್ದ ಚಂದ್ರವ್ವ ಈಗ ಕೂಗಲೂ ಇಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಗೌರವ್ವ ಬುಟ್ಟಿಯೊಳಗೆ ಕೈ ಇಟ್ಟು ಕೂತಿದ್ದಳು, ನನ್ನತ್ತ ನೋಡಲಿಲ್ಲ. ಈ ಬೆಕ್ಕು ಸತ್ತರೆ ಕೊಂದವನು ನಾನೇ. ನನಗೆ ನಿಜವಾಗಿ ಹೆದರಿಕೆಯಾಯಿತು.

ದನದ ದವಾಖಾನೆಯ ಡಾಕ್ಟರು ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಅಡ್ಡ ಸಿಕ್ಕಿದ್ದ ಮರಿಯನ್ನು ಮೆಲ್ಲಗೆ ಹೊರತೆಗೆದರು. ಅದು ಸತ್ತಿತ್ತು. ಅದರ ಹಿಂದೆ ಎರಡು ಮರಿಗಳು ಜೀವಂತ ಬಂದವು. ಚಂದ್ರವ್ವ ತಲೆ ಎತ್ತಿ ಅವನ್ನು ನೆಕ್ಕಿದಳು. ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಿಣಕಿ ತಿಣಕಿ ಮರಿ ಬರಲಿಲ್ಲಂದ್ರ, ಹಸರ ನೀರು ಹೋಗಿ ಮರಿ ಕಾಣಲಿಲ್ಲಂದ್ರ, ಒಂದು ಗಳಿಗೀನೂ ಕಾಯಬಾರ್ದ್ರಿ" ಎಂದರು ಡಾಕ್ಟರು. "ನಿಮ್ಮ ಮನಿ ದೂರೇನು?"

ಗೌರವ್ವ ಕಿಟಕಿಯಿಂದ ಹೊರಗೆ ಕೈ ತೋರಿಸಿದಳು. "ಆ ಹುಣಸಿ ಗಿಡದ ಬಾಜೂದ್ರಿ."

ಡಾಕ್ಟರು ನಮ್ಮ ಮನೆಯ ಹಂಚು ನೋಡಿದರು. ಆಮೇಲೆ ನನ್ನನ್ನು ನೋಡಿದರು. ದಿನಾ ಕಚೇರಿಗೆ ನಾನು ಆ ದವಾಖಾನೆಯ ಮುಂದೆಯೇ ಹಾದು ಹೋಗುತ್ತಿದ್ದೆ. ಹೊರಗೆ ಕಟ್ಟಿದ ಎಮ್ಮೆಗಳನ್ನು ನೋಡಿ, ಬೆಕ್ಕು ಇದರ ವ್ಯಾಪ್ತಿಗೆ ಒಳಪಡುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಮನೆಗೆ ಬಂದು ಗೌರವ್ವ ತಾಯಿ ಮಕ್ಕಳನ್ನು ನನ್ನ ಹಾಸಿಗೆಯ ಮೇಲೆಯೇ ಮಲಗಿಸಿದಳು. ನಾನು ನೆಲದ ಮೇಲೆ ಚಾಪೆ ಹಾಸಿಕೊಂಡೆ.

"ಮುಂದಿನ ಸಲ ಅಕಿಗೆ ಬ್ಯಾನಿ ಬಂದ್ರ ಅಕಿ ಇಲ್ಲೇ ಇರ್ತಾಳ" ಎಂದಳು. "ಖಾನಾಪುರಕ್ಕ ನೀವು ಹೋಗ್ರಿ."