ಜೀನ್ಸ್ ಕತ್ತರಿಸುವ ವರ

ಶಿವಶರಣನ ಗಂಟಲು ದೊಡ್ಡದು. ಕಲಬುರಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಅವನು ಬೆಳಿಗ್ಗೆ ಫೋನಿನಲ್ಲೇ ವಿದ್ಯಾರ್ಥಿನಿಗೆ ಪಾಠ ಬಿಡಿಸಿ ಹೇಳುತ್ತಿದ್ದ. "ಜೀನ್ಸ್ ಉದ್ದಕ್ಕ ಇರ್ತಾವಮ್ಮ. ನಡುವಿನ ತುಂಡು ಕತ್ತರಿಸಿ ಉಳಿದದ್ದು ಜೋಡಿಸಬೇಕು. ಜೋಡಿಸೋ ರೀತಿ ಬದಲಾದ್ರ ಒಂದರಾಗೇ ನಾಕು ನಮೂನಿ ಆಗ್ತಾವ!"

ಗೋಡೆಯಾಚೆ ತೊಗರಿಬೇಳೆ ಆರಿಸುತ್ತಿದ್ದ ಮನೆಯೊಡತಿ ಶಾರದಾಬಾಯಿಗೆ ಇಷ್ಟು ಸಾಕಾಯಿತು. ಹೊಸ ಬಾಡಿಗೆಯ ಹುಡುಗ ಏನು ಕೆಲಸ ಮಾಡುತ್ತಾನೆಂದು ತಿಳಿಯದೆ ಆಕೆಗೆ ನಿದ್ದೆಯೇ ಬಂದಿರಲಿಲ್ಲ. ಮಗಳಿಗೆ ವರ ಹುಡುಕುತ್ತಿದ್ದ ಕಮಲಾಪುರದ ಗುರುಲಿಂಗಪ್ಪನಿಗೆ ಫೋನು ಹೋಯಿತು.

"ನಡಿ ತಮ್ಮಾ, ಹೆಣ್ಣು ನೋಡ್ಲಿಕ್ಕ. ನಿನ್ನ ಕೆಲಸ ಕೇಳಿ ಭಾಳ ಖುಷಿ ಆಗ್ಯಾರ!" ಎಂದು ಶಾರದಾಬಾಯಿ ಶಿವಶರಣನ ಬಾಗಿಲು ತಟ್ಟಿದಳು.

ಕೆಲಸ ಕೇಳಿದೊಡನೆ ಎದ್ದು ಹೋಗುವ ಬೀಗರನ್ನೇ ಕಂಡಿದ್ದ ಶಿವಶರಣ ಹಿಗ್ಗಿ ಹೀರೇಕಾಯಿಯಾದ. ಪಾಪ, ಮದುವೆಯಾಗುವ ಆಸೆ ಅವನಿಗೆ ಅಷ್ಟಿತ್ತು.

ಕಮಲಾಪುರದಲ್ಲಿ ಗುರುಲಿಂಗಪ್ಪನ ಮಗಳು ಸೃಷ್ಟಿ ಕೆಂಪು ಬಾಳೆಹಣ್ಣಿನ ತಟ್ಟೆ ತಂದಿಟ್ಟು ನಕ್ಕಳು. ಶಿವಶರಣ ಅಲ್ಲೇ ಮನಸೋತ. ಅಷ್ಟರಲ್ಲಿ ಅವಳ ಸೋದರಮಾವ ಒಂದು ಜೀನ್ಸ್ ಪ್ಯಾಂಟು ತಂದು ಅವನ ತೊಡೆಯ ಮೇಲಿಟ್ಟ.

"ಸೊಂಟಕ್ಕ ಬಿಗಿ ಆಗ್ಯದ, ನೋಡ್ರಿ."

"ನಾನ್ಯಾಕ್ರೀ ನೋಡ್ಲಿ?"

"ಜೀನ್ಸ್ ಕೆಲಸ ನಿಮ್ದೇ ಅಲ್ಲೇನ್ರಿ?" ಎಂದ ಗುರುಲಿಂಗಪ್ಪ.

"ಅಯ್ಯೋ, ನನ್ನ ಜೀನ್ಸ್ ಬ್ಯಾರೇರಿ! ದೇಹದಾಗ ಇರೋವು!"

"ಎಲ್ಲಾರವೂ ಮೈಮ್ಯಾಲೇ ಇರ್ತಾವಲ್ರಿ."

ಶಿವಶರಣ ಬೆವರೊರೆಸಿಕೊಂಡ. "ಮೊದಲ ಅದರ ನಕಲು ಆಗ್ತದ್ರಿ..."

ಗುರುಲಿಂಗಪ್ಪ ದನಿ ತಗ್ಗಿಸಿದ. "ನಕಲಿ ಮಾಲಂತ ಹೊರಗ ಹೇಳಬ್ಯಾಡ್ರಿ."

"ಜೀವಕೋಶ ಆ ನಕಲಿನಾಗಿನ ಇಂಟ್ರಾನ್ ಕತ್ತರಿಸಿ ತಗೀತದ..."

"ಇಂಟ್ರಾನ್ ಅಂದ್ರ ಒಳಗಿನ ಅಸ್ತರ," ಎಂದು ಸೋದರಮಾವ ಎಲ್ಲರಿಗೂ ತಿಳಿಸಿದ.

"ಕೋಟಿಗಟ್ಟಲೆ ವರ್ಷದಿಂದ ನಡದು ಬಂದದ್ರೀ ಇದು!"

"ಖಾನ್ದಾನಿ ಕಸುಬು!" ಶಾರದಾಬಾಯಿ ಹೆಮ್ಮೆಯಿಂದ ಸುತ್ತ ನೋಡಿದಳು.

ಸೆರಗು ಬಾಯಿಗಿಟ್ಟು ನಗುತ್ತಿದ್ದ ಸೃಷ್ಟಿಗೆ ಇನ್ನು ತಡೆಯಲಾಗಲಿಲ್ಲ. "ಅಪ್ಪಾ, ಅವರು ಹೇಳೋದು ವಂಶವಾಹಿ! ಇಂಟ್ರಾನ್ ಅನ್ನೋ ನಡುವಿನ ತುಂಡು ತಗದು, ಉಳಿದವು ಜೋಡಿಸೋದ್ರಾಗ ಫರಕ್ ಆಗಿ, ಒಂದೇ ಜೀನಿನಿಂದ ಹೃದಯಕ್ಕೊಂದು, ಮಿದುಳಿಗೊಂದು ಪ್ರೊಟೀನ್ ಆಗ್ತದ. ನಾನೂ ಕಾಲೇಜಿನಾಗ ಇದೇ ಪಾಠ ಮಾಡ್ತೀನಲ್ಲ!"

ಶಿವಶರಣನ ಹೃದಯ, ಮಿದುಳು ಎರಡೂ ಕುಣಿದವು. ಇವಳಿಗಿಂತ ತಕ್ಕ ಹೆಣ್ಣು ಏಳು ಜನ್ಮಕ್ಕೂ ಸಿಗಲಾರಳು. "ಹೌದ್ರೀ, ನಾ ಟೇಲರ್ ಅಲ್ರೀ, ಉಪನ್ಯಾಸಕ!" ಎಂದು ಕೂಗಿದ.

"ಪರ್ಮನೆಂಟ್ ಏನ್ರಿ?" ಎಂದ ಗುರುಲಿಂಗಪ್ಪ.

"ಅದು... ಅತಿಥಿ ಉಪನ್ಯಾಸಕ್ರೀ."

ಗುರುಲಿಂಗಪ್ಪನ ಮುಖ ಇಳಿದುಹೋಯಿತು. ಬಾಳೆಹಣ್ಣಿನ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

"ನಮ್ಮ ಸೃಷ್ಟೀನೂ ಅತಿಥೀನೇ ಅದಾಳ್ರಿ. ಅದಕ್ಕಂತೇ ಟೇಲರ್ ಹುಡುಕಿದ್ವಿ. ಗಂಡ ಹೆಂಡ್ತಿ ಇಬ್ಬರೂ ಅತಿಥಿಗಳಾದ್ರ, ರೊಟ್ಟಿ ನೀಡೋರು ಯಾರ್ರೀ?"