ಬಲಗೈ ನಡೆದ ದೂರ

ಇಸ್ತ್ರಿ ಅಂಗಡಿಯ ಯಜಮಾನರಿಗೆ ಐವತ್ತಾರನೆಯ ವಯಸ್ಸಿನಲ್ಲಿ ಒಂದು ಘೋರ ಅನ್ಯಾಯವಾಯಿತು. ಡಾಕ್ಟರರು ಅವರ ಹೊಟ್ಟೆಯ ಮೇಲೆ ಮೃದಂಗದಂತೆ ಎರಡು ಸಲ ತಟ್ಟಿ, "ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೀಬೇಕು" ಎಂದರು. ಹೇಳಿದ್ದು ಯಜಮಾನರಿಗೆ, ಕೇಳಿಸಿಕೊಂಡಿದ್ದು ಪಕ್ಕದಲ್ಲಿದ್ದ ಹೆಂಡತಿ. (ಯಜಮಾನರು ಅಂಗಡಿಗೆ ಮಾತ್ರ. ಮನೆಗೆ ಯಜಮಾನಿಕೆ ಆಕೆಯದೇ. ಬೀದಿಯೆಲ್ಲ ಆಕೆಯನ್ನು 'ಅಮ್ಮಾವ್ರು' ಎನ್ನುತ್ತಿತ್ತು, ಆಕೆಯ ಬೆನ್ನ ಹಿಂದೆ ಗಂಡನೂ.)

ಆ ವಾರವೇ ಮಗಳು ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟಳು. ಅದು ಹೆಜ್ಜೆ ಎಣಿಸುತ್ತದಂತೆ, ಗುರಿ ಮುಟ್ಟಿದರೆ ಗುಂಯ್ ಎಂದು ನಡುಗಿ 'ಶಹಬ್ಬಾಸ್' ಎಂದು ತೋರಿಸುತ್ತದಂತೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಆ ಪದ ಯಜಮಾನರ ಕಿವಿಗೆ ಬಿದ್ದಿರಲಿಲ್ಲ. ಅಮ್ಮಾವ್ರು ವಾಚನ್ನು ಅವರ ಎಡಗೈಗೆ ಬಿಗಿದು ರಾಜಾಜ್ಞೆ ಹೊರಡಿಸಿದರು: "ಎಂಟು ಸಾವಿರ ಆಗದ ದಿನ ಕಾಫಿಗೆ ಸಕ್ಕರೆ ಇಲ್ಲ."

ಮೊದಲ ದಿನ ಸಾವಿರದ ನೂರ ನಲವತ್ತು.

"ಅಡುಗೆಮನೇಲಿ ನಾನೇ ಇದಕ್ಕಿಂತ ಜಾಸ್ತಿ ನಡೀತೀನಿ!"

"ನಂದು ನಿಂತು ಮಾಡೋ ಕೆಲಸ ಕಣೇ. ನಡೀತಾ ನಡೀತಾ ಇಸ್ತ್ರಿ ಹಾಕೋಕಾಗುತ್ತಾ?"

"ಬೆಳಗ್ಗೆ ಬೇಗ ಎದ್ದು ನಡೀರಿ."

ಬೇಗ ಏಳುವುದು ಎಂಬ ವಿಷಯ ಬಂದ ಕೂಡಲೇ ಯಜಮಾನರು ಚರ್ಚೆಯನ್ನು ಮುಗಿಸಿ ಕಹಿ ಕಾಫಿ ಕುಡಿದರು. ಐದು ದಿನ ಕುಡಿದರು.

ಆರನೆಯ ದಿನ ಎಡ ಮಣಿಕಟ್ಟಿನಲ್ಲಿ ಪಟ್ಟಿಯ ಅಡಿ ತುರಿಕೆ ಶುರುವಾಯಿತು. ಅಂಗಡಿಯಲ್ಲಿ ಯಜಮಾನರು ವಾಚನ್ನು ಬಲಗೈಗೆ ಕಟ್ಟಿಕೊಂಡು ಹಾಸಿಗೆಯ ಹೊದಿಕೆಗಳ ರಾಶಿಗೆ ಇಸ್ತ್ರಿ ಹಾಕತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಕೈ ಗುಂಯ್ ಎಂದಿತು. ಶಾಕ್ ಹೊಡೆಯಿತೆಂದು ಇಸ್ತ್ರಿಪೆಟ್ಟಿಗೆ ಬಿಟ್ಟು ಹಾರಿದರು. ನೋಡಿದರೆ ಎಂಟು ಸಾವಿರ, ಶಹಬ್ಬಾಸ್! ಪೆಟ್ಟಿಗೆ ಮುಂದೆ ಹೋದರೆ ಒಂದು ಹೆಜ್ಜೆ, ಹಿಂದೆ ಬಂದರೆ ಇನ್ನೊಂದು. ಕಾಲೆರಡೂ ಮೇಜಿನ ಬಳಿ ಕಂಬದಂತೆ ನಿಂತಿದ್ದವು; ಬಲಗೈ ಒಂದೇ ಪಾದಯಾತ್ರೆ ಮುಗಿಸಿತ್ತು.

"ಎಲ್ಲರೂ ಎಡಗೈಗೆ ಕಟ್ಟೋದು. ನೀವ್ಯಾಕೆ ಬಲಗೈಗೆ?" ಎಂದರು ಅಮ್ಮಾವ್ರು ಸಂಜೆ.

"ಎಡಗೈಲಿ ತುರಿಕೆ." (ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.)

ಒಂದು ಚಮಚ ಸಕ್ಕರೆ ಬಂತು. ಹತ್ತು ಸಾವಿರಕ್ಕೆ ಎರಡು ಚಮಚವಾಯಿತು, ಹದಿನೈದಕ್ಕೆ ಬಿಸ್ಕತ್ತೂ ಜೊತೆಯಾಯಿತು. ಯಜಮಾನರಿಗೆ ಆಸೆ ಹತ್ತಿತು. ಅಂಗಿಗಳನ್ನು ಮೂಲೆಗೆ ಸರಿಸಿ ಉದ್ದುದ್ದ ಪರದೆಗಳನ್ನೇ ಮೊದಲು ಹಿಡಿದರು. ಇಪ್ಪತ್ತೆರಡು ಸಾವಿರ!

"ನಮ್ಮವರು ಕೂತಲ್ಲಿ ಕೂರೋರಲ್ಲ" ಎಂದು ಅಮ್ಮಾವ್ರು ಎದುರುಮನೆಯ ದರ್ಜಿಯಮ್ಮನಿಗೆ ಹೇಳುವುದು ಕಿಟಕಿಯಿಂದ ಕೇಳಿಸಿತು. ಹೆಮ್ಮೆಯಿಂದ ಬಿರಿದ ಆ ದನಿ ಕೇಳಿ, ಬಿಸ್ಕತ್ತು ಯಜಮಾನರ ಗಂಟಲಲ್ಲಿ ಕ್ಷಣಕಾಲ ಸಿಕ್ಕಿಕೊಂಡಿತು. ಆಮೇಲೆ ಇಳಿಯಿತು.

ತಿಂಗಳ ಕೊನೆಗೆ ಡಾಕ್ಟರರ ತೂಕದ ಯಂತ್ರ ಮೂರು ಕಿಲೋ ಹೆಚ್ಚು ತೋರಿಸಿತು. ಅಮ್ಮಾವ್ರು ವಾಚಿನ ಲೆಕ್ಕ ಒಪ್ಪಿಸಿದರು. ಡಾಕ್ಟರರು ಕನ್ನಡಕ ತೆಗೆದರು.

"ದಿನಾ ಇಷ್ಟು ನಡೆದೂ ತೂಕ ಏರುತ್ತೆ ಅಂದ್ರೆ ಒಳಗೇನೋ ಬೇರೆ ತೊಂದರೆ ಇರಬಹುದು. ಎಲ್ಲ ಪರೀಕ್ಷೆ ಮಾಡಿಸಿಬಿಡೋಣ."

ದಾರಿಯುದ್ದಕ್ಕೂ ಅಮ್ಮಾವ್ರು ಗಂಡನ ತೋಳು ಹಿಡಿದು, ರೋಗಿಯನ್ನು ನಡೆಸುವಂತೆ ಮೆಲ್ಲಗೆ ನಡೆಸಿದರು. ಯಜಮಾನರಿಗೆ ಪರೀಕ್ಷೆಗಳಿಗಿಂತ ಅದೇ ಭಯ ಹುಟ್ಟಿಸಿತು. ಮನೆಯ ಬಾಗಿಲಲ್ಲಿ ಆಕೆ ಕಣ್ಣೊರೆಸಿಕೊಂಡು, "ನಾನೇ ನಿಮ್ಮನ್ನ ನಡೆಸೀ ನಡೆಸೀ ಸವೆಸಿಬಿಟ್ನಾ?" ಎಂದಾಗ ಅವರ ಗಟ್ಟಿತನವೆಲ್ಲ ಕರಗಿತು.

"ಅಳಬೇಡ ಕಣೇ. ನಾನು ನಡೆದೇ ಇಲ್ಲ. ನನ್ನ ಕೈ ನಡೀತು."

ಎಲ್ಲವನ್ನೂ ಹೇಳಿದರು. ಅಮ್ಮಾವ್ರು ಮೊದಲು ಇನ್ನಷ್ಟು ಅತ್ತರು, ಆಮೇಲೆ ನಕ್ಕರು, ಆಮೇಲೆ ಎರಡನ್ನೂ ನಿಲ್ಲಿಸಿ ಕೈಚಾಚಿದರು. "ಬಿಚ್ಚಿ ಕೊಡಿ ಇಲ್ಲಿ."

ಮರುದಿನ ಬೆಳಗ್ಗೆ ಇಸ್ತ್ರಿ ಮೇಜಿನ ಮುಂದೆ ಅಮ್ಮಾವ್ರು ನಿಂತಿದ್ದರು, ಬಲಗೈಯಲ್ಲಿ ವಾಚು.

"ಇಸ್ತ್ರಿ ನಾನು ಹಾಕ್ತೀನಿ. ಬಟ್ಟೆ ಮನೆಮನೆಗೂ ನೀವು ಮುಟ್ಟಿಸಿ. ನಡ್ಕೊಂಡು."

ಯಜಮಾನರು ನಡೆದರು. ಲಿಫ್ಟ್ ಕೆಟ್ಟ ಕಟ್ಟಡದ ನಾಲ್ಕನೆಯ ಮಹಡಿಗೆ ಪರದೆ, ದಿಬ್ಬದ ತುದಿಯ ಶಾಲಾ ಮೇಡಮ್ಮನಿಗೆ ಕೋಟು, ಕೊಡಲು ಮರೆತ ಒಂದು ಪ್ಯಾಂಟಿಗಾಗಿ ಮತ್ತೆ ಅದೇ ದಿಬ್ಬ. ಸಂಜೆ ಅಂಗಡಿಯ ಬೆಂಚಿನ ಮೇಲೆ ಕುಸಿದು, "ಇವತ್ತು ಹದಿನೈದು ಸಾವಿರ ಹೆಜ್ಜೆ ಆಗಿರುತ್ತೆ ಕಣೇ!" ಎಂದು ಏದುಸಿರು ಬಿಟ್ಟರು.

"ಯಾರು ಎಣಿಸಿದ್ರು?"

ಅಮ್ಮಾವ್ರು ವಾಚನ್ನು ಅವರ ಮೂಗಿನ ಹತ್ತಿರ ಹಿಡಿದರು. ಇಪ್ಪತ್ತಾರು ಸಾವಿರ.

"ನೋಡಿ, ಇವತ್ತು ನಡೆದವಳು ನಾನು" ಎಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಎರಡೂ ಪಾದಗಳನ್ನು ಎತ್ತಿ ಗಂಡನ ತೊಡೆಯ ಮೇಲಿಟ್ಟರು. "ಸ್ವಲ್ಪ ಒತ್ತಿ. ಕಾಲು ಸೇದ್ತಾ ಇವೆ."

ಯಜಮಾನರು ಒತ್ತಿದರು. ಎರಡೂ ಕೈಯಲ್ಲಿ.