ಮಾತ್ರೆ, ಮುದ್ದೆ ಮತ್ತು ನಾಲ್ಕನೇ ಜ್ವರ

ಪಾರ್ಕಿನ್ಸನ್ ಬಂದವನ ಮನೆಯಲ್ಲಿ ನಗೋದಕ್ಕೆ ಏನಿರುತ್ತೆ ಅನ್ನುತ್ತಾರೆ. ನನಗೂ ನಗು ಬರುವುದಿಲ್ಲ. ಆದರೆ ಮುಂದೆ ಹೇಳುವಂಥವು ತಿಂಗಳಿಗೊಂದಾದರೂ ನಡೆಯುತ್ತವೆ, ಸುತ್ತಲಿದ್ದವರು ನಕ್ಕೇ ನಗುತ್ತಾರೆ. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ಒಬ್ಬನೇ ನಗುತ್ತೇನೆ.

ಮೂವತ್ತು ವರ್ಷ ಮೇಷ್ಟ್ರಾಗಿ ಬೆಲ್ಲು ಹೊಡೆಸಿದವನು ನಾನು. ಈಗ ನನಗೇ ಬೆಲ್ಲು: ದಿನಕ್ಕೆ ನಾಲ್ಕು ಮಾತ್ರೆ, ಊಟಕ್ಕೆ ಅರ್ಧ ಗಂಟೆ ಮೊದಲು. ಕಾಳು, ಮೊಟ್ಟೆ, ಮಾಂಸದ ಜೊತೆ ಹೋದರೆ ಅದು ಸರಿಯಾಗಿ ಹತ್ತುವುದಿಲ್ಲ. ಹೊತ್ತಿಗೆ ನುಂಗಿದರೆ ನನ್ನ ಮುದ್ದೆ ನಾನೇ ಮುರಿದು ಉಣ್ಣುತ್ತೇನೆ. ಹೊತ್ತು ತಪ್ಪಿದರೆ ಕೈ ನಡುಗಿ ತುತ್ತು ಬಾಯಿ ಸೇರುವುದಿಲ್ಲ. ಇನ್ನೊಬ್ಬರ ಕೈಯಿಂದ ಉಣ್ಣುವ ದಿನ ಬರಬಾರದು ಅನ್ನುವುದೊಂದೇ ನನ್ನ ಹಟ. ಭಯ ಅಂದರೂ ಸರಿಯೇ.

ಖಾಲಿ ಹೊಟ್ಟೆ

ಅವರೆಕಾಯಿ ಕಾಲದಲ್ಲಿ ಕಲ್ಯದ ಬೀಗರ ಮನೆಗೆ ಹೋಗಿದ್ದೆವು. ನಾನು ಜೇಬಿನಿಂದ ಮಾತ್ರೆ ತೆಗೆದದ್ದೇ ತಡ, ಬೀಗಿತ್ತಿ ಅಡುಗೆಮನೆಯಿಂದ ಓಡಿ ಬಂದರು.

"ಅಯ್ಯೋ ಬೀಗ್ರೇ, ಖಾಲಿ ಹೊಟ್ಟೇಲಿ ಮಾತ್ರೆ ನುಂಗ್ತಾರಾ? ಕರುಳು ಸುಟ್ಟೋಯ್ತದೆ. ಮೊದ್ಲು ಉಣ್ಣಿ."

"ಇದು ಊಟಕ್ಕೆ ಮುಂಚೆ ತಗೊಳ್ಳೋ ಮಾತ್ರೆ ಕಣಮ್ಮಾ."

"ಯಾವ ಡಾಕ್ಟ್ರೂ ಹಂಗನ್ನಾಕಿಲ್ಲ ಬುಡಿ."

ಮಾತ್ರೆ ಅವರ ಸೆರಗಿನ ಗಂಟು ಸೇರಿತು. ಬೀಗರ ಮನೆಯಲ್ಲಿ ಜಗಳವಾಡುವ ಹಾಗಿಲ್ಲ. ಹಿತಕಿದ ಅವರೆಬೇಳೆ ಸಾರು, ಮುದ್ದೆ, ಮೇಲೆರಡು ಮೊಟ್ಟೆ ಮುಗಿದ ಮೇಲೆ ಮಾತ್ರೆ ವಾಪಸ್ಸು ಬಂತು. ನುಂಗಿದರೆ ಅದು ಹತ್ತಲೇ ಇಲ್ಲ. ನಾಲ್ಕೂವರೆ ಬಸ್ಸು ಹೋಯಿತು, ಐದೂವರೆಯದೂ ಹೋಯಿತು, ಮೈ ಬಿಗಿದು ನನಗೆ ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಬೀಗಿತ್ತಿ ಹಿಗ್ಗಿಹೋದರು: "ನಮ್ಮನೇಲಿ ಉಂಡೋರ್ಗೆ ಏಳಾಕೆ ಮನ್ಸೇ ಬರಾಕಿಲ್ಲ, ಎಲ್ರೂ ಹಂಗೇ ಅಂತಾರೆ!"

ನಾಲ್ಕನೇ ಜ್ವರ

ನನ್ನ ಹೆಂಡತಿ ಗಡಿಯಾರ ನೋಡುವವಳಲ್ಲ. ವಿರೂಪಾಕ್ಷಿಪುರದ ಹತ್ತಿರ ನಮ್ಮದು ರೇಷ್ಮೆ ಹುಳುವಿನ ಮನೆ, ಅವಳ ಹೊತ್ತೆಲ್ಲ ಹುಳುವಿನದೇ. ಮಾತ್ರೆಯ ಪಟ್ಟಿ ಬಿಡಿಸಲು ನನ್ನ ಬೆರಳಿಗೆ ಆಗುವುದಿಲ್ಲವೆಂದು ಅವಳೇ ಒಂದು ಏರ್ಪಾಡು ಮಾಡಿದ್ದಳು. ನನಗೆ ಮಾತ್ರೆ ಕೊಟ್ಟು ಹುಳುವಿಗೆ ಸೊಪ್ಪು ಹಾಕಲು ಹೋಗುವುದು. ಹಾಕಿ ಬರುವಷ್ಟರಲ್ಲಿ ಅರ್ಧ ಗಂಟೆ. ಆಮೇಲೆ ನನಗೆ ಊಟ. ಡಾಕ್ಟರೇ ಮೆಚ್ಚಿದರು.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ; ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಮೊದಲ ಮೂರು ಜ್ವರಕ್ಕೆ ಮಾತ್ರೆ ನಾನೇ ನೆನಪಿಸಿದ್ದೆ. ನಾಲ್ಕನೇ ಜ್ವರದ ದಿನವೂ ಸೊಪ್ಪಿಲ್ಲ. ಸೊಪ್ಪಿಲ್ಲದ ಮೇಲೆ ಮಾತ್ರೆಯೂ ನೆನಪಾಗಲಿಲ್ಲ. ಬಿಡುವು ಸಿಕ್ಕಿತೆಂದು ಅವಳು ತಂಗಿಯ ಮನೆಗೆ ಹೋದಳು. ಕೇಳಿ ಈಸಿಕೊಳ್ಳಬೇಕಾ ಎಂಬ ಸಿಟ್ಟಿಗೆ ನಾನೂ ಬಾಯಿ ಬಿಡಲಿಲ್ಲ. ಮಧ್ಯಾಹ್ನಕ್ಕೆ ಕತ್ತು ಬಿಗಿದು, ಕಂಬಕ್ಕೊರಗಿ ಕೊರಡಾಗಿದ್ದೆ.

ಬಂದವಳು ನೋಡಿ ಹಣೆ ಚಚ್ಚಿಕೊಂಡಳು, ಅತ್ತಳು. ಮಾತ್ರೆ ಬಾಯಿಗೆ ಹಾಕಿ ಕಣ್ಣೊರೆಸಿಕೊಂಡು ಅಂದಳು: "ಬೆಳಿಗ್ಗೆ ಹುಳನೂ ತಲೆ ಎತ್ಕಂಡು ಕೂತಿದ್ವು, ನೀವೂ ಕೂತಿದ್ರಿ. ಎಲ್ಲಾ ಸರಿಯಾಗೈತೆ ಅನ್ಕಂಡು ಹೋದೆ ಕಣ್ರೀ."

ಬೀಗರೂಟ

ಹೋದ ತಿಂಗಳು ಕನಕಪುರದ ಛತ್ರದಲ್ಲಿ ಬಾಮೈದನ ಮಗಳ ಬೀಗರೂಟ. ಒಂದು ಗಂಟೆಗೆ ಪಂಕ್ತಿ ಅಂದಿದ್ದರು. ಹನ್ನೆರಡೂವರೆಗೆ ಮಾತ್ರೆ ನುಂಗಿದೆ. ಗಂಡಿನ ಕಡೆಯ ಬಸ್ಸು ಬಂದದ್ದು ಮೂರಕ್ಕೆ. ಎಲೆಗೆ ಮುದ್ದೆ ಬೀಳುವ ಹೊತ್ತಿಗೆ ಮಾತ್ರೆಯ ಕಸುವು ಇಳಿದಿತ್ತು.

ಪಂಕ್ತಿಯ ಹಿರಿಯರು ಉಂಡು ಮುಗಿಸದೆ ನಮ್ಮಲ್ಲಿ ಯಾರೂ ಏಳುವುದಿಲ್ಲ. ಅವತ್ತು ಹಿರಿಯ ನಾನೇ. ತುತ್ತು ಎತ್ತಿದಷ್ಟೂ ಎಲೆಗೇ ಬಿತ್ತು. ಎಲ್ಲರ ಎಂಜಲು ಕೈ ಒಣಗಿತು. ಮುಂದಿನ ಪಂಕ್ತಿಯವರು ನಮ್ಮ ಕುರ್ಚಿ ಹಿಡಿದು ಹಿಂದೆ ನಿಂತಿದ್ದರು. ನನ್ನ ಹಿಂದಿನವನು "ನಿಧಾನಕ್ಕೆ ಉಣ್ಣಿ ಮೇಷ್ಟ್ರೇ, ಅವಸ್ರ ಇಲ್ಲ" ಅಂತ ಮೂರು ಸಲ ಅಂದ. ಮೂರನೇ ಸಲ ಕುರ್ಚಿಯನ್ನೂ ಸ್ವಲ್ಪ ಎಳೆದ.

ಪಕ್ಕದಲ್ಲಿದ್ದ ಹೆಂಡತಿ ಮುದ್ದೆ ಮುರಿದು, ಸಾರಿಗೆ ಅದ್ದಿ, ನನ್ನ ಬಾಯಿಗೆ ಹಿಡಿದಳು. ನಾನು ಹೆದರಿದ್ದ ದಿನ ಬಂದೇಬಿಟ್ಟಿತ್ತು, ಅದೂ ನೂರು ಜನರೆದುರು. ಬಾಯಿ ತೆರೆದೆ.

ಎಲ್ಲಿದ್ದನೋ ಫೋಟೋದವನು, ಮದುಮಕ್ಕಳನ್ನು ಬಿಟ್ಟು ಓಡಿ ಬಂದ. "ಸೂಪರ್ ಆಂಟಿ! ಈಗ ಅಂಕಲ್, ನೀವು ಆಂಟಿಗೆ ತಿನ್ಸಿ."

ತುತ್ತು ಎತ್ತಿದೆ. ಕೈ ಅರ್ಧ ದಾರಿಯಲ್ಲಿ ಕುಣಿಯತೊಡಗಿತು. ಅವಳೇ ಬಗ್ಗಿ, ಕೈ ಹೋದ ಕಡೆಗೆಲ್ಲ ಬಾಯಿ ತಂದು ತುತ್ತು ಹಿಡಿದಳು.

ಕಳೆದ ವಾರ ಫೋಟೋ ಬಂತು. ಅವಳ ಮುಖ, ಎಲೆ, ಹಿಂದಿನವನ ಸಿಟ್ಟು, ಎಲ್ಲ ನಿಚ್ಚಳ. ನನ್ನ ಕೈ ಮಾತ್ರ ಮಸುಕು. ತಂದುಕೊಟ್ಟ ಫೋಟೋದವನು ತಲೆ ಕೆರೆದುಕೊಂಡ: "ಸಾರಿ ಅಂಕಲ್, ಕ್ಯಾಮೆರಾ ಒಸಿ ಅಲ್ಲಾಡ್ಬುಡ್ತು."

"ಅದುಕ್ಕೂ ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ಕೊಡು ಕಣಪ್ಪಾ" ಅಂದಳು ನನ್ನ ಹೆಂಡತಿ.

ಈ ಸಲ ನಗುವುದಕ್ಕೆ ನಾನು ಮೂರನೇ ದಿನದವರೆಗೆ ಕಾಯಲಿಲ್ಲ.